ಮೀನಿನ ತೊಟ್ಟಿಗೆ ಜಿರಳೆ ಸ್ಪ್ರೇ ಸೇರಿದರೆ ಏನು ಮಾಡಬೇಕು

ಗೌರಿ ಹಬ್ಬಕ್ಕೆ ಮನೆ ಗುಡಿಸಿ ಒರೆಸುವ ಗಲಾಟೆಯಲ್ಲಿ ಅಕ್ವೇರಿಯಂ ಸ್ಟ್ಯಾಂಡಿನ ಕೆಳಗಿಂದ ಒಂದು ಜಿರಳೆ ಓಡಿತು. ಸ್ಪ್ರೇ ಹೊಡೆದದ್ದು ನಾನೇ. ಟ್ಯಾಂಕಿನ ಮುಚ್ಚಳ ಹಾಕಿತ್ತು. ಅದರ ಮೇಲೆ ಒಂದು ಹಳೇ ಟವೆಲ್ ಕೂಡ ಹೊದಿಸಿದ್ದೆ. ಇಷ್ಟು ಜಾಗ್ರತೆ ಸಾಕು ಅಂದುಕೊಂಡು ಅಡುಗೆಮನೆ ಕಡೆ ಹೋದೆ.

ಇಪ್ಪತ್ತು ನಿಮಿಷ ಆಗಿರಬೇಕು. ಬಂದು ನೋಡಿದರೆ ಒಂದು ಗಪ್ಪಿ ಒಂದೇ ಮಗ್ಗುಲಿಗೆ ವಾಲಿಕೊಂಡು ಬುಗುರಿ ಹಾಗೆ ಸುತ್ತುತ್ತಿತ್ತು. ಇನ್ನೊಂದು ಬಾಣದ ಹಾಗೆ ಹೋಗಿ ಗಾಜಿಗೆ ಬಡಿದುಕೊಳ್ಳುತ್ತಿತ್ತು. ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಟ್ಯೂಬ್‌ಲೈಟ್ ಬೆಳಕಿನಲ್ಲಿ ನೀರಿನ ಮೇಲೆ ತೆಳ್ಳಗೆ ಎಣ್ಣೆಯ ಬಣ್ಣ ಕಾಣಿಸಿತು. ಮುಚ್ಚಿದ ಟ್ಯಾಂಕಿಗೆ ಇದು ಹೇಗೆ ಬಂತು? ಬಗ್ಗಿ ನೋಡಿದಾಗ ಗೊತ್ತಾಯಿತು. ಏರ್ ಪಂಪ್ ಇದ್ದದ್ದು ಸ್ಟ್ಯಾಂಡಿನ ಕೆಳಗಿನ ಅರೆಯಲ್ಲಿ, ನಾನು ಸ್ಪ್ರೇ ಹೊಡೆದ ಜಾಗದಲ್ಲೇ. ಅದು ಅಲ್ಲಿನ ಗಾಳಿ ಎಳೆದು ನೇರ ನೀರಿಗೆ ಊದುತ್ತಿತ್ತು.

ಆಮೇಲೆ ಗಾಬರಿಯಲ್ಲಿ ಇನ್ನೊಂದು ತಪ್ಪು ಮಾಡಿದೆ. ಆಗಷ್ಟೇ ನಲ್ಲಿ ಬಿಟ್ಟಿದ್ದರು. ಬಕೆಟ್ ತುಂಬಿಸಿ ಮೀನುಗಳನ್ನೆಲ್ಲ ಅದಕ್ಕೆ ಹಾಕಿದೆ. ಟ್ಯಾಂಕಿನಲ್ಲೇ ಸತ್ತದ್ದು ಮೂರು. ಕ್ಲೋರಿನ್ ವಾಸನೆ ಹೊಡೆಯುತ್ತಿದ್ದ ಆ ಬಕೆಟ್‌ನಲ್ಲಿ ಸತ್ತದ್ದು ಐದು.

ವಿಷ ಬಿದ್ದಾಗ ಮೊದಲ ಪೆಟ್ಟು ನಮ್ಮ ಕೈಮೀರಿ ಆಗಿರುತ್ತದೆ. ಎರಡನೇ ಪೆಟ್ಟು ಕೊಡುವುದು ಅವಸರದಲ್ಲಿರುವ ನಾವು. ಹಾಗಾಗಿ ಕೆಳಗೆ ಬರೆದಿರುವುದರಲ್ಲಿ ಅರ್ಧ, ಏನು ಮಾಡಬಾರದು ಅನ್ನುವುದೇ ಇದೆ.

ಮೊದಲ ಐದು ನಿಮಿಷ: ಪಂಪ್, ಕಿಟಕಿ, ಸ್ವಿಚ್

ಮೀನಿಗೆ ಕೈ ಹಾಕುವ ಮೊದಲು ವಿಷ ಬರುತ್ತಿರುವ ದಾರಿ ಮುಚ್ಚಿ. ಗಾಳಿಯಲ್ಲಿ ಸ್ಪ್ರೇ, ಪೇಂಟ್, ಹೊಗೆ ಏನೇ ಇದ್ದರೂ ಏರ್ ಪಂಪ್ ಮೊದಲು ಆಫ್ ಆಗಬೇಕು. ಕಿಟಕಿ ತೆಗೆಯಿರಿ, ಫ್ಯಾನ್ ಹಾಕಿ. ಟ್ಯಾಂಕ್ ಕಿಕ್ಕಿರಿದಿಲ್ಲ ಅಂದರೆ ಒಂದು ಗಂಟೆ ಪಂಪ್ ನಿಂತರೂ ಮೀನು ತಡೆದುಕೊಳ್ಳುತ್ತದೆ. ಬೇರೆ ರೂಮಿನಲ್ಲಿ ಪ್ಲಗ್ ಇದ್ದರೆ ಇನ್ನೂ ಒಳ್ಳೆಯದು. ಇನ್ನೊಂದು ಪಂಪ್ ಅಲ್ಲಿಟ್ಟು ಉದ್ದನೆಯ ಪೈಪ್ ಎಳೆಯಿರಿ. ಹಳೇ ಪಂಪನ್ನೇ ಅಲ್ಲಿಗೆ ಒಯ್ಯಬೇಡಿ, ಅದರ ಒಳಗಿನ ರಬ್ಬರಿಗೂ ಪೈಪಿಗೂ ವಿಷ ಮೆತ್ತಿರುತ್ತದೆ.

ನೀರಿನ ಮೇಲೆ ಎಣ್ಣೆ ಪದರ ಕಂಡರೆ ಪಂಪ್ ನಿಂತಾಗಲೇ ತೆಗೆಯಿರಿ. ಗುಳ್ಳೆ ಏಳುತ್ತಿದ್ದರೆ ಅದು ನೀರಿಗೆ ಬೆರೆತು ಹೋಗುತ್ತದೆ. ಟಿಶ್ಯೂ ಪೇಪರ್ ಹಾಳೆಯನ್ನು ನೀರಿನ ಮೇಲೆ ಮೆಲ್ಲಗೆ ಹಾಸಿ, ಒಂದು ಕಡೆಯಿಂದ ಎತ್ತಿ ಬಿಸಾಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಮೇಲಿನ ಪದರ ಬಹುಪಾಲು ಬರುತ್ತದೆ. ನೆಂದ ಕೂಡಲೇ ಎತ್ತಬೇಕು, ತಡ ಮಾಡಿದರೆ ಹಾಳೆ ಹರಿದು ಮುಳುಗುತ್ತದೆ.

ನೀರು ತೆಗೆಯುವುದಕ್ಕೆ ಮುಂಚೆ ಫಿಲ್ಟರ್, ಹೀಟರ್ ಎರಡರ ಪ್ಲಗ್ಗನ್ನೂ ಬೋರ್ಡಿನಿಂದಲೇ ಕೀಳಿ. ಉರಿಯುತ್ತಿರುವ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜು ಒಡೆಯುತ್ತದೆ. ಕೈ ಒದ್ದೆ ಇದ್ದರೆ ಒರೆಸಿಕೊಂಡೇ ಪ್ಲಗ್ ಮುಟ್ಟಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಅವರೇ ಬಾಟಲಿ ಸುರಿದಿದ್ದರೆ ಮೀನು ಬಿಟ್ಟು ಮಗುವನ್ನು ನೋಡಿ. ಬಾಯಿಗೆ ಹೋಗಿರಬಹುದು ಅನ್ನಿಸಿದರೆ ಬಲವಂತವಾಗಿ ವಾಂತಿ ಮಾಡಿಸಬೇಡಿ. ಬಾಟಲಿ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.

ಮೀನನ್ನು ಯಾವ ನೀರಿಗೆ ಎತ್ತಬೇಕು

ನಮ್ಮ ಊರಿನ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರಲೇಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡ ಹೇಳುವ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಉರಿ. ಮೊದಲೇ ಕಿವಿರು ಕೆಟ್ಟ ಮೀನನ್ನು ಅಂಥ ನೀರಿಗೆ ಹಾಕಿದರೆ ಏನಾಗುತ್ತದೆ ಅಂತ ಮೇಲೆ ಹೇಳಿದೆ.

ಹಾಗಾದರೆ ಯಾವ ನೀರು? ಹಿಂದಿನ ದಿನ ಹಿಡಿದು ತೆರೆದಿಟ್ಟ ಬಕೆಟ್ ನೀರು ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಿದ್ದರೆ ನಲ್ಲಿ ನೀರಿಗೆ ಆಂಟಿ ಕ್ಲೋರಿನ್ ಹನಿ ಹಾಕಿ, ಬಾಟಲಿಯ ಮೇಲೆ ಹೇಳಿದಷ್ಟು. ಅದರಲ್ಲಿರುವುದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್, ಹಳೇ ಫೋಟೋ ಸ್ಟುಡಿಯೋದವರು ‘ಹೈಪೋ’ ಅನ್ನುತ್ತಿದ್ದರಲ್ಲ ಅದೇ. ಕ್ಲೋರಿನ್ ಮೇಲೆ ಅದು ಒಂದೆರಡು ನಿಮಿಷದಲ್ಲೇ ಕೆಲಸ ಮಾಡುತ್ತದೆ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಆದರೆ ಅದು ಗಡಸು ನೀರು. ನಿಮ್ಮ ಮೀನು ದಿನಾ ಇರುವುದು ಅದರಲ್ಲೇ ಆದರೆ ಸರಿ. ಆರ್‌ಓ ನೀರಿನಲ್ಲಿ ಲವಣವೇ ಇಲ್ಲ, ಅದನ್ನೊಂದೇ ಹಾಕಬೇಡಿ. ಬೇರೇನೂ ಸಿಗದಿದ್ದರೆ ಬೋರ್‌ವೆಲ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ.

ಬಿಸಿ ತಣ್ಣಗೆ ನೋಡಿಕೊಳ್ಳಿ. ಒಂದು ಕೈ ಟ್ಯಾಂಕಿನಲ್ಲಿ, ಒಂದು ಕೈ ಬಕೆಟ್‌ನಲ್ಲಿ ಇಟ್ಟರೆ ವ್ಯತ್ಯಾಸ ಗೊತ್ತಾಗಬಾರದು. ತಣ್ಣಗಿದ್ದರೆ ಒಂದು ಚೊಂಬು ಬಿಸಿನೀರು ಬೆರೆಸಿ. ಕೀಟನಾಶಕದ ಕೇಸಿನಲ್ಲಿ ಇದು ಇನ್ನೂ ಮುಖ್ಯ. ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ಅನ್ನುವ ಜಾತಿಯ ವಿಷ, ನೀರು ತಣ್ಣಗಾದಷ್ಟೂ ಮೀನಿಗೆ ಜಾಸ್ತಿ ಹತ್ತುತ್ತದೆ. ಬೇಗ ತಣ್ಣೀರಿಗೆ ಹಾಕೋಣ ಅನ್ನಿಸುವುದು ಸಹಜ, ಆದರೆ ಹಾಗೆ ಮಾಡಬೇಡಿ.

ಬಕೆಟ್ ಬಗ್ಗೆ ಒಂದು ಮಾತು. ಮನೆ ಒರೆಸುವ ಬಕೆಟ್ ಬೇಡ, ಅದರ ಪ್ಲಾಸ್ಟಿಕ್‌ಗೆ ವರ್ಷಗಟ್ಟಲೆ ಫಿನೈಲ್ ಹಿಡಿದಿರುತ್ತದೆ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ ಖಂಡಿತ ಬೇಡ, ತಾಮ್ರ ಮೀನಿಗೂ ಸಿಗಡಿಗೂ ವಿಷ. ಅಡುಗೆಯ ದೊಡ್ಡ ಸ್ಟೀಲ್ ಪಾತ್ರೆ ಆಗುತ್ತದೆ. ಮನೆಯವರು ಬೈದರೆ ಆಮೇಲೆ ನೋಡಿಕೊಳ್ಳೋಣ.

ಬೇರೆ ಪಂಪ್ ಇಲ್ಲದಿದ್ದರೆ ಚೊಂಬಿನಿಂದ ನೀರು ಎತ್ತಿ ಒಂದಡಿ ಮೇಲಿಂದ ಅದೇ ಬಕೆಟ್‌ಗೆ ಸುರಿಯುತ್ತಿರಿ. ಹತ್ತು ನಿಮಿಷಕ್ಕೊಂದು ಸಲ ಇಪ್ಪತ್ತು ಚೊಂಬು. ನೀರಿಗೆ ಗಾಳಿ ಬೆರೆಯಲು ಅಷ್ಟು ಸಾಕು. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿ ಹಾಕಿದರೆ ಸುಸ್ತಾದ ಸಿಹಿನೀರು ಮೀನಿಗೆ ಸ್ವಲ್ಪ ಆಸರೆ. ಬಕೆಟ್ ಮೇಲೆ ಬಟ್ಟೆ ಮುಚ್ಚಿ ಕತ್ತಲು ಮಾಡಿ. ಆಹಾರ ಹಾಕಬೇಡಿ.

ಪೈರೆಥ್ರಾಯ್ಡ್ ತಾಗಿದ ಮೀನಿಗೆ ಕೊಡುವಂಥ ಔಷಧಿ ಇಲ್ಲ. ಒಳ್ಳೆ ನೀರು, ಗಾಳಿ, ಕತ್ತಲು ಅಷ್ಟೇ. ಮಗ್ಗುಲಾಗಿ ಮಲಗಿದ ಮೀನು ಕಿವಿರು ಆಡಿಸುತ್ತಿದ್ದರೆ ಅದನ್ನು ಸತ್ತಿತು ಅಂತ ಎಸೆಯಬೇಡಿ. ನಮ್ಮ ಸಕ್ಕರ್ ಮೀನು ಬಕೆಟ್‌ನ ತಳದಲ್ಲಿ ಹೊಟ್ಟೆ ಮೇಲಾಗಿ ಒಂದು ರಾತ್ರಿ ಪೂರ್ತಿ ಇತ್ತು. ಬೆಳಿಗ್ಗೆ ಬಕೆಟ್ ಗೋಡೆಗೆ ಅಂಟಿಕೊಂಡಿತ್ತು.

ಬಿದ್ದದ್ದು ಏನು ಅಂತ ಗೊತ್ತಾಗಲಿ

ಮೀನು ಬಕೆಟ್ ಸೇರಿದ ಮೇಲೆ ನಿಮಗೆ ಸಮಯ ಸಿಕ್ಕಿತು. ಈಗ ಬಾಟಲಿ ಕೈಗೆತ್ತಿಕೊಂಡು ಹಿಂಬದಿಯ ಸಣ್ಣ ಅಕ್ಷರ ಓದಿ. ಎಲ್ಲ ವಿಷಕ್ಕೂ ಒಂದೇ ಮದ್ದಿಲ್ಲ. ಕೆಲವಕ್ಕೆ ಟ್ಯಾಂಕ್ ಪೂರ್ತಿ ಬಿಚ್ಚಬೇಕು, ಕೆಲವಕ್ಕೆ ಸುಮ್ನೆ ನೀರು ಬದಲಿಸಿದರೆ ಸಾಕು. ಅದು ತಿಳಿಯದೆ ಎಲ್ಲವನ್ನೂ ತಿಕ್ಕಿ ತೊಳೆದರೆ ಫಿಲ್ಟರಿನಲ್ಲಿ ಬೆಳೆದ ಒಳ್ಳೇ ಬ್ಯಾಕ್ಟೀರಿಯಾ ಹೋಗಿ, ವಾರದೊಳಗೆ ಅಮೋನಿಯಾ ಏರಿ ಮತ್ತೆ ಮೀನು ಸಾಯುತ್ತದೆ.

ಸುಲಭದ್ದರಿಂದ ಶುರು ಮಾಡೋಣ. ಕೈಗೆ ಹಚ್ಚಿಕೊಂಡ ಸ್ಯಾನಿಟೈಸರ್, ಒಂದೆರಡು ಹನಿ ಸೆಂಟು. ಎರಡಡಿ ಟ್ಯಾಂಕಿಗೆ ಇಷ್ಟು ಆಲ್ಕೋಹಾಲ್ ಲೆಕ್ಕಕ್ಕಿಲ್ಲ. ಜಾಸ್ತಿ ಬಿದ್ದರೆ ಅದನ್ನು ತಿಂದು ಬ್ಯಾಕ್ಟೀರಿಯಾ ಹೆಚ್ಚಿ ನೀರು ಹಾಲಿನ ಹಾಗೆ ಮಸುಕಾಗುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ. ಪಂಪ್ ಜೋರಾಗಿ ಇಡಿ, ಮೂರನೇ ಒಂದು ಭಾಗ ನೀರು ಬದಲಿಸಿ, ಬಿಟ್ಟುಬಿಡಿ.

ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಸೋಪು. ಇದು ಮೀನಿನ ಮೈಮೇಲಿನ ಲೋಳೆ ತೆಗೆದು ಕಿವಿರಿಗೆ ಹಾನಿ ಮಾಡುತ್ತದೆ. ಸೋಪು ನೀರಿನಲ್ಲಿ ಕರಗುವ ವಸ್ತು, ಆದ್ದರಿಂದ ನೀರು ಬದಲಿಸಿದರೆ ನಿಜಕ್ಕೂ ಹೋಗುತ್ತದೆ. ಇನ್ನೂ ಇದೆಯಾ ಅಂತ ನೋಡಲು ಟ್ಯಾಂಕಿನ ನೀರನ್ನು ಅರ್ಧ ಬಾಟಲಿ ತುಂಬಿಸಿ ಜೋರಾಗಿ ಕುಲುಕಿ. ಪಕ್ಕದಲ್ಲಿ ಇನ್ನೊಂದು ಬಾಟಲಿ ಬರೀ ನೀರನ್ನೂ ಕುಲುಕಿ. ಟ್ಯಾಂಕಿನದರಲ್ಲಿ ನೊರೆ ನಿಂತೇ ಇದ್ದರೆ ಇನ್ನೊಂದು ಸಲ ಬದಲಿಸಿ.

ಬ್ಲೀಚ್ ಬಿದ್ದರೆ ಲೆಕ್ಕ ಹಾಕಬಹುದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಅಂಚಿನವರೆಗೆ ತುಂಬಿದರೆ 56 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 50ರ ಹತ್ತಿರ. 5 ಪರ್ಸೆಂಟ್ ಬ್ಲೀಚ್ ಒಂದು ಚಮಚ, ಅಂದರೆ 5 ಎಂಎಲ್ ಬಿದ್ದರೆ ಲೀಟರಿಗೆ 5 ಮಿಲಿಗ್ರಾಂ ಕ್ಲೋರಿನ್ ಆಯಿತು. ನಲ್ಲಿ ನೀರಿನ ಕನಿಷ್ಠದ 25 ಪಟ್ಟು. ಇದಕ್ಕೆ ಸುಮಾರು 2 ಗ್ರಾಂ ಹೈಪೋ ಹರಳು ಕರಗಿಸಿ ಹಾಕಿದರೆ ಸಾಕು. ಹೈಪೋ ಸ್ವಲ್ಪ ಹೆಚ್ಚಾದರೂ ಪಂಪ್ ಓಡುತ್ತಿದ್ದರೆ ತೊಂದರೆ ಇಲ್ಲ. ನೀರಿನ ಕ್ಲೋರಿನ್ ನೋಡುವ ಹನಿ ಹಾಕಿದಾಗ ಹಳದಿ ಬಣ್ಣ ಬಾರದಿದ್ದರೆ ಬ್ಲೀಚ್ ಹೋಯಿತು ಅಂತ. ಬ್ಲೀಚ್ ಯಾವ ಗುರುತೂ ಉಳಿಸದೆ ಹೋಗುವ ವಿಷ, ಟ್ಯಾಂಕ್ ಎಸೆಯಬೇಕಿಲ್ಲ. ಆದರೆ ಫಿಲ್ಟರಿನ ಬ್ಯಾಕ್ಟೀರಿಯಾವನ್ನು ಕೊಂದೇ ಹೋಗಿರುತ್ತದೆ.

ಫಿನೈಲ್, ಬಿಳಿಯದಾಗಲಿ ಕಪ್ಪಾಗಲಿ, ಇದ್ದಿಲಿಗೆ (ಒಲೆಯದಲ್ಲ, ಆಕ್ಟಿವೇಟೆಡ್ ಕಾರ್ಬನ್, ಅದರ ವಿವರ ಕೆಳಗಿದೆ) ಚೆನ್ನಾಗಿ ಅಂಟುತ್ತದೆ. ನೀರು ಪೂರ್ತಿ ಚೆಲ್ಲಿ, ಕಲ್ಲು ತೊಳೆದು, ಇದ್ದಿಲು ಹಾಕಿ ಓಡಿಸಿ. ವಾಸನೆ ಇರುವವರೆಗೂ ಮೀನು ಬಿಡಬೇಡಿ.

ಇನ್ನು ಕೀಟನಾಶಕ. ಟ್ರಾನ್ಸ್‌ಫ್ಲುಥ್ರಿನ್, ಸೈಪರ್‌ಮೆಥ್ರಿನ್, ಇಮಿಪ್ರೋಥ್ರಿನ್, ಪ್ರಾಲೆಥ್ರಿನ್. ಹೆಸರಿನ ಕೊನೆಗೆ ‘ಥ್ರಿನ್’ ಅಂತ ಇದ್ದರೆ ಅದು ಪೈರೆಥ್ರಾಯ್ಡ್ ಅಂದುಕೊಳ್ಳಿ. ಸೇವಂತಿಗೆ ಜಾತಿಯ ಒಂದು ಹೂವಿನಲ್ಲಿರುವ ಕೀಟನಾಶಕದ ನಕಲು ಇವು. ಹುಳುವಿನ ನರ ಕೆಡಿಸಿ ಕೊಲ್ಲುತ್ತವೆ. ನಮ್ಮ ದೇಹ ಇದನ್ನು ಬೇಗ ಒಡೆದುಹಾಕುತ್ತದೆ, ಮೀನಿನ ದೇಹಕ್ಕೆ ಆ ಶಕ್ತಿ ತೀರಾ ಕಡಿಮೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಸಾಕು. ಮೈಕ್ರೋಗ್ರಾಂ ಅಂದರೆ ಗ್ರಾಂನ ಹತ್ತು ಲಕ್ಷದ ಒಂದು ಭಾಗ. ಪಂಪ್ ಎಳೆದುಕೊಂಡ ಒಂದಿಷ್ಟು ಮಂಜು ಯಾಕೆ ಅಷ್ಟು ಕೆಲಸ ಮಾಡಿತು ಅಂತ ಈಗ ತಿಳಿಯುತ್ತದೆ.

ಲೇಬಲ್ ಮೇಲೆ ನೀಲಿಯೋ ಹಸಿರೋ ತ್ರಿಕೋನ ನೋಡಿ ‘ಇದು ಸೌಮ್ಯದ್ದು’ ಅಂದುಕೊಳ್ಳುವವರಿದ್ದಾರೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು, ಹಳದಿ, ನೀಲಿ, ಹಸಿರು ಅನ್ನುವ ಆ ಬಣ್ಣಗಳು ಇಲಿಯಂಥ ಪ್ರಯೋಗದ ಪ್ರಾಣಿಗಳು ಎಷ್ಟು ಪ್ರಮಾಣಕ್ಕೆ ಸಾಯುತ್ತವೆ ಅನ್ನುವುದರ ಮೇಲೆ ನಿಂತಿವೆ. ಮೀನಿನ ಲೆಕ್ಕ ಆ ಬಣ್ಣದಲ್ಲಿ ಇಲ್ಲ.

ನೀರು ಬದಲಿಸುವ ಲೆಕ್ಕ, ಅದು ತಪ್ಪುವ ಜಾಗ

ಅರ್ಧ ನೀರು ಬದಲಿಸಿದರೆ ಅರ್ಧ ವಿಷ ಉಳಿಯುತ್ತದೆ. ಮೂರು ಸಲ ಅರ್ಧರ್ಧ ಬದಲಿಸಿದರೆ ಎಂಟರಲ್ಲಿ ಒಂದು ಪಾಲು. ಭಯದಿಂದ ಕಾಲು ಭಾಗವಷ್ಟೇ ಬದಲಿಸುತ್ತಾ ಹೋದರೆ ಮೂರು ಸಲ ಆದ ಮೇಲೂ 42 ಪರ್ಸೆಂಟ್ ಉಳಿದಿರುತ್ತದೆ. ಹಾಗಾಗಿ ಬದಲಿಸುವುದಾದರೆ ದೊಡ್ಡದಾಗಿ ಬದಲಿಸಿ, ಕ್ಲೋರಿನ್ ತೆಗೆದ ನೀರಿನಿಂದ.

ಸೋಪು, ಬ್ಲೀಚಿಗೆ ಈ ಲೆಕ್ಕ ಸರಿ. ಪೈರೆಥ್ರಾಯ್ಡ್‌ಗೆ ಆಗಿ ಬರಲ್ಲ. ಅದಕ್ಕೆ ನೀರು ಅಂದರೆ ಅಷ್ಟಕ್ಕಷ್ಟೆ, ಕೊಳೆ, ಮರದ ತುಂಡು, ಸ್ಪಾಂಜು, ಪೈಪಿನ ಒಳಮೈಗೆ ಹೋಗಿ ಅಂಟುತ್ತದೆ. ನೀವು ನೀರು ಬದಲಿಸಿದ ಮೇಲೆ ಅಲ್ಲಿಂದ ಸ್ವಲ್ಪ ಸ್ವಲ್ಪವೇ ಮತ್ತೆ ನೀರಿಗೆ ಬರುತ್ತದೆ. ‘ಎರಡು ದಿನ ಚೆನ್ನಾಗಿದ್ದವು, ಮೂರನೇ ದಿನ ಮತ್ತೆ ಸತ್ತವು’ ಅನ್ನುವ ಕತೆಗೆ ಇದೂ ಒಂದು ಕಾರಣ.

ನನ್ನ ಅಳತೆ ಹೀಗೆ. ರೂಮಿನಲ್ಲಿ ಸ್ವಲ್ಪ ವಾಸನೆ ಬಂತು, ಮೀನು ಸರಿಯಾಗಿವೆ ಅಂದರೆ ಎರಡು ಸಲ ಅರ್ಧ ನೀರು ಬದಲಿಸಿ ಇದ್ದಿಲು ಹಾಕಿದರೆ ಸಾಕು. ಮೀನು ಸುತ್ತಿದವು, ವಾಲಿದವು, ಒಂದಾದರೂ ಸತ್ತಿತು ಅಂದರೆ ಟ್ಯಾಂಕ್ ಬಿಚ್ಚಿ.

ಇದ್ದಿಲು ಅಂದರೆ ಒಲೆಯ ಇದ್ದಿಲಲ್ಲ

ಬೇಕಾದ್ದು ಆಕ್ಟಿವೇಟೆಡ್ ಕಾರ್ಬನ್. ಒಂದು ಗ್ರಾಂ ಕಾಳಿನ ಒಳಗಿನ ಸಣ್ಣ ಸಣ್ಣ ತೂತುಗಳ ಮೈಯೆಲ್ಲ ಬಿಡಿಸಿ ಹಾಸಿದರೆ 500 ಚದರ ಮೀಟರಿಗಿಂತ ಹೆಚ್ಚು ಜಾಗವಾಗುತ್ತದೆ. ಎಣ್ಣೆ ಜಾತಿಯ ವಿಷ ಹೋಗಿ ಅಂಟುವುದು ಅಲ್ಲಿ. ಇಸ್ತ್ರಿ ಅಂಗಡಿಯ ಇದ್ದಿಲಿಗೆ ಆ ಗುಣ ಹೆಚ್ಚಿಲ್ಲ. ಅಕ್ವೇರಿಯಂ ಅಂಗಡಿ ಮುಚ್ಚಿದ್ದರೆ ಕುಡಿಯುವ ನೀರಿನ ಫಿಲ್ಟರ್ ರಿಪೇರಿ ಮಾಡುವವರನ್ನು ಕೇಳಿ. ಅವರ ಹತ್ತಿರ ಇರುವ ಹೊಸ ಕಾರ್ಬನ್ ಕಾಳೂ ಆಗುತ್ತದೆ.

50 ಲೀಟರಿಗೆ ನಾನು 150 ಗ್ರಾಂ ಹಾಕಿದ್ದೆ. ಮಾಮೂಲಿಗಿಂತ ಜಾಸ್ತಿಯೇ. ಮೊದಲು ಜರಡಿಯಲ್ಲಿ ಹಾಕಿ ಕಪ್ಪು ನೀರು ಹೋಗುವವರೆಗೆ ತೊಳೆಯಿರಿ. ಬಲೆ ಬಟ್ಟೆಯ ಚೀಲದಲ್ಲಿ ಕಟ್ಟಿ. ಸುಮ್ನೆ ಮೂಲೆಯಲ್ಲಿ ಮುಳುಗಿಸಿದರೆ ಪ್ರಯೋಜನ ಕಡಿಮೆ, ಫಿಲ್ಟರಿನ ನೀರು ಅದರ ಮೂಲಕವೇ ಹಾದುಹೋಗುವ ಹಾಗೆ ಇಡಿ. ಮೊದಲ ಚೀಲ ಒಂದು ದಿನಕ್ಕೆ ಬದಲಿಸಿ, ಎರಡನೆಯದು ಮೂರು ದಿನಕ್ಕೆ. ಹಳೆಯದನ್ನು ಒಣಗಿಸಿ ಮತ್ತೆ ಬಳಸುವ ಆಸೆ ಬೇಡ.

ಟ್ಯಾಂಕ್ ಬಿಚ್ಚಿ ತೊಳೆಯುವುದು

ಕೈಗವಸು ಹಾಕಿಕೊಳ್ಳಿ. ಪೈಪಿನಿಂದ ನೀರು ಇಳಿಸುವಾಗ ಬಾಯಿಂದ ಎಳೆಯಬೇಡಿ, ಪೈಪಿಗೆ ಮೊದಲೇ ನೀರು ತುಂಬಿಸಿ ಇಳಿಬಿಡಿ. ಆ ನೀರನ್ನು ಟಾಯ್ಲೆಟ್‌ಗೆ ಸುರಿಯಿರಿ. ರಸ್ತೆಯ ಮಳೆನೀರು ಚರಂಡಿಗೆ ಬಿಟ್ಟರೆ ಅದು ಕೆರೆ ಸೇರುತ್ತದೆ. ಬೇಜಾರಾಗಿ ಉಳಿದ ಮೀನನ್ನು ಕೆರೆಗೆ ಬಿಡುವುದೂ ಬೇಡ, ಸಕ್ಕರ್ ಮೀನು ಅಲ್ಲಿ ಮರಿ ಮಾಡಿ ನಮ್ಮ ಮೀನುಗಳ ಜಾಗ ತಿನ್ನುತ್ತದೆ. ಸತ್ತ ಮೀನನ್ನು ಬೆಕ್ಕಿಗೆ ಹಾಕದೆ ಮಣ್ಣಿನಲ್ಲಿ ಹೂತುಬಿಡಿ.

ಬಿಸಾಡಬೇಕಾದ್ದು: ಏರ್ ಪಂಪಿನ ಪೈಪು, ಏರ್ ಸ್ಟೋನ್, ಫಿಲ್ಟರಿನ ಸ್ಪಾಂಜು, ಮರದ ತುಂಡು, ಪ್ಲಾಸ್ಟಿಕ್ ಗಿಡ. ಸ್ಪಾಂಜು ಬಿಸಾಡಲು ನನಗೂ ಮನಸ್ಸು ಬರಲಿಲ್ಲ, ಬ್ಯಾಕ್ಟೀರಿಯಾ ಇರುವುದೇ ಅದರಲ್ಲಿ. ಆದರೆ ವಿಷ ಹೀರಿಕೊಂಡು ಕೂತಿರುವುದೂ ಅದೇ. ಎಸೆದೆ. ಬಣ್ಣದ ಕಲ್ಲು ಅಗ್ಗ, ಅದನ್ನೂ ಎಸೆದೆ. ಹೊಳೆಯ ದೊಡ್ಡ ಕಲ್ಲುಗಳನ್ನು ತೊಳೆದು ಇಟ್ಟುಕೊಳ್ಳಬಹುದು.

ತೊಳೆಯಲು ವಾಷಿಂಗ್ ಸೋಡಾ ಹಿಡಿಯಿರಿ. ಪೈರೆಥ್ರಾಯ್ಡ್ ಕ್ಷಾರದ ನೀರಿನಲ್ಲಿ ಒಡೆದುಹೋಗುತ್ತದೆ, ಸೋಡಾ ಜಿಡ್ಡನ್ನೂ ಬಿಡಿಸುತ್ತದೆ. ಉಗುರುಬೆಚ್ಚಗಿನ ನೀರಿಗೆ 10 ಲೀಟರಿಗೆ ಎರಡು ದೊಡ್ಡ ಚಮಚದಂತೆ ಕರಗಿಸಿ ಟ್ಯಾಂಕ್ ತುಂಬಿಸಿ, ಒಂದು ದಿನ ಬಿಡಿ. ಕುದಿಯುವ ನೀರು ಬೇಡ, ಗಾಜು ಸೀಳುತ್ತದೆ. ಮಾರನೇ ದಿನ ಹೊಸ ಸ್ಪಾಂಜಿನಿಂದ ತಿಕ್ಕಿ. ಅಡುಗೆಮನೆಯದು ಬೇಡ, ಅದರಲ್ಲಿ ಸೋಪು ಇರುತ್ತದೆ. ಗಾಜು ಕೂಡುವ ಮೂಲೆಗಳಲ್ಲಿ ಇರುವ ಸಿಲಿಕಾನ್ ಅಂಟಿನ ಮೇಲೆ ಬೆರಳಾಡಿಸಿ ಜಾಸ್ತಿ ಹೊತ್ತು ತಿಕ್ಕಿ, ಎಣ್ಣೆಯ ಅಂಶ ಹೀರಿಕೊಳ್ಳುವುದು ಅದೇ. ನೀರು ಚೆಲ್ಲಿ ಇನ್ನೊಂದು ಸಲ ಸೋಡಾ ಹಾಕಿ ಇಡೀ ದಿನ ಬಿಡಿ. ಆಮೇಲೆ ಐದಾರು ಸಲ ಬರೀ ನೀರಿನಲ್ಲಿ ಜಾಲಿಸಿ. ಕೊನೆಯ ಸಲ ನೀರಿಗೆ ಒಂದು ಲೋಟ ವಿನೆಗರ್ ಬೆರೆಸಿದರೆ ಸೋಡಾದ ಬಿಳಿ ಕಲೆ ಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ. ಬ್ಲೀಚ್ ಬಳಸಿದ ಪಾತ್ರೆಗೆ ವಿನೆಗರ್ ಆಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಸೇರಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಅದು ನಿಮ್ಮ ಶ್ವಾಸಕೋಶಕ್ಕೇ ಅಪಾಯ. ಕೀಟನಾಶಕ ತೊಳೆಯಲು ಬ್ಲೀಚ್ ಬೇಕಾಗಿಯೂ ಇಲ್ಲ.

ತೊಳೆದ ಟ್ಯಾಂಕಿಗೆ ನೀರು ತುಂಬಿಸಿ, ಹೊಸ ಪಂಪ್, ಹೊಸ ಇದ್ದಿಲು ಹಾಕಿ ಮೀನಿಲ್ಲದೆ ಮೂರು ದಿನ ಓಡಿಸಿ. ಆ ನೀರನ್ನೂ ಚೆಲ್ಲಿ. ಈಗ ತುಂಬುವುದು ನಿಜವಾದ ನೀರು.

ಸೊಳ್ಳೆ ಮರಿಯ ಸಾಕ್ಷಿ

ವಿಷ ಹೋಯಿತಾ ಇಲ್ಲವಾ ಅಂತ ನೋಡಲು ಒಂದು ಬಡಪಾಯಿ ಮೀನನ್ನು ಬಿಟ್ಟು ನೋಡುವವರಿದ್ದಾರೆ. ನನಗೆ ಅದು ಸರಿ ಕಾಣಲಿಲ್ಲ. ಹೂಕುಂಡದ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ಈ ಔಷಧಿ ಮಾಡಿರುವುದೇ ಅವುಗಳ ಜಾತಿಗೆ, ಅಲ್ವಾ?

ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದಕ್ಕೆ ಟ್ಯಾಂಕಿನ ನೀರು, ಇನ್ನೊಂದಕ್ಕೆ ಎರಡು ದಿನ ನಿಂತ ಮಾಮೂಲಿ ನೀರು. ಎರಡಕ್ಕೂ ಹತ್ತತ್ತು ಮರಿ ಬಿಡಿ. ಅಲ್ಪವಿರಾಮದ ಚಿಹ್ನೆ ಹಾಗೆ ಬಾಗಿ ಉಬ್ಬಿರುವವನ್ನು ಆರಿಸಬೇಡಿ, ಅವು ಒಂದೆರಡು ದಿನದಲ್ಲಿ ಹಾರುವಂಥವು. ಲೋಟದ ಬಾಯಿಗೆ ಬಟ್ಟೆ ಕಟ್ಟಿ. ಒಂದು ದಿನ ಬಿಟ್ಟು ಲೋಟದ ಬದಿಗೆ ಬೆರಳಿನಿಂದ ತಟ್ಟಿ ನೋಡಿ. ಬದುಕಿದ್ದರೆ ಸರಕ್ಕನೆ ಕೆಳಗಿಳಿಯುತ್ತವೆ.

ನನ್ನ ಮೊದಲ ಪರೀಕ್ಷೆಯಲ್ಲಿ, ಒಂದೇ ಸಲ ಸೋಡಾ ಹಾಕಿ ತೊಳೆದ ನೀರಿನಲ್ಲಿ, ಹತ್ತರಲ್ಲಿ ಎಂಟು ತಳಕ್ಕೆ ಕೂತಿದ್ದವು. ಇನ್ನೊಂದು ಲೋಟದಲ್ಲಿ ಹತ್ತೂ ಕುಣಿಯುತ್ತಿದ್ದವು. ಎರಡನೇ ಸಲ ತೊಳೆದು, ಇದ್ದಿಲು ಓಡಿಸಿದ ಮೇಲೆ ಎರಡೂ ಲೋಟ ಒಂದೇ ಥರ ಇತ್ತು.

ಮರಿ ಸತ್ತರೆ ವಿಷ ಇನ್ನೂ ಇದೆ ಅನ್ನಲು ಅದು ಗಟ್ಟಿ ಕಾರಣ. ಬದುಕಿದರೆ ವಿಷ ಪೂರ್ತಿ ಹೋಯಿತು ಅಂತ ಹೇಳುವಂತಿಲ್ಲ. ಊರಿನ ಸೊಳ್ಳೆಗಳಿಗೆ ಈ ಔಷಧಿಗಳು ಒಗ್ಗಿಹೋಗಿರಬಹುದು. ಹಾಗಾಗಿ ಪರೀಕ್ಷೆ ಪಾಸಾದ ಮೇಲೂ ಒಂದು ತಿಂಗಳು ಇದ್ದಿಲು ಇರಲಿ. ಪರೀಕ್ಷೆ ಮುಗಿದ ಕೂಡಲೇ ಲೋಟಗಳಿಗೆ ಬಿಸಿನೀರು ಸುರಿದು ಚೆಲ್ಲಿ. ಡೆಂಗಿ ಕಾಲದಲ್ಲಿ ಮನೆಯೊಳಗೆ ಸೊಳ್ಳೆ ಸಾಕಿದ ಹೆಸರು ಬರಬಾರದು.

ಮೀನು ವಾಪಸ್ ಬಂದ ಮೇಲೆ

ಈಗ ಟ್ಯಾಂಕ್ ಸ್ವಚ್ಛ. ಆದರೆ ಹೊಸ ಟ್ಯಾಂಕಿನಷ್ಟೇ ಹಸಿ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಮತ್ತೆ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಕ್ವೇರಿಯಂ ಇರುವ ಸ್ನೇಹಿತರಿದ್ದರೆ ಅವರ ಫಿಲ್ಟರಿನ ಕೊಳಕು ಸ್ಪಾಂಜಿನ ಒಂದು ತುಂಡು ಕೇಳಿ ತನ್ನಿ, ಒಣಗಲು ಬಿಡದೆ, ಟ್ಯಾಂಕಿನ ನೀರಿನಲ್ಲೇ ಮುಳುಗಿಸಿಕೊಂಡು. ಇದರಿಂದ ಕಾಯುವ ದಿನ ಎಷ್ಟೋ ಕಡಿಮೆಯಾಗುತ್ತದೆ.

ಮೀನನ್ನು ಬಕೆಟ್‌ನಿಂದ ಬಿಡುವಾಗ ಅವಸರವಿಲ್ಲ. ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪವೇ ಬಕೆಟ್‌ಗೆ ಬೆರೆಸುತ್ತಾ ಅರ್ಧ ಗಂಟೆ ತೆಗೆದುಕೊಳ್ಳಿ. ಬಕೆಟ್‌ನಲ್ಲಿ ಇದ್ದಷ್ಟು ದಿನ ಅಲ್ಲೂ ದಿನಾ ಮೂರನೇ ಒಂದು ಭಾಗ ನೀರು ಬದಲಿಸುತ್ತಿರಬೇಕು. ಮೊದಲ ವಾರ ಆಹಾರ ದಿನ ಬಿಟ್ಟು ದಿನ, ಒಂದು ಚಿಟಿಕೆ. ತಿನ್ನದೆ ಉಳಿದ ಆಹಾರವೇ ಅಮೋನಿಯಾ ಆಗುವುದು. ಅಮೋನಿಯಾ ಟೆಸ್ಟ್ ಕಿಟ್ ಒಂದು ತಂದಿಟ್ಟುಕೊಳ್ಳಿ. ಬಣ್ಣ ಸ್ವಲ್ಪ ಬದಲಾದರೂ ಕಾಲು ಭಾಗ ನೀರು ಬದಲಿಸಿ.

ಹೊಸ ಮೀನು ತರುವುದು ಆರು ವಾರ ಆದ ಮೇಲೆ. ಸಿಗಡಿ ಸಾಕುವವರು ಇನ್ನೂ ಒಂದು ತಿಂಗಳು ತಡೆಯಿರಿ. ಅವು ಹುಳುಗಳ ದಾಯಾದಿಗಳು, ಮೀನು ತಡೆದುಕೊಂಡ ಕೊಂಚ ವಿಷಕ್ಕೂ ಸಾಯುತ್ತವೆ.

ಇನ್ನು ಜಿರಳೆ. ಅಕ್ವೇರಿಯಂ ಇರುವ ಹಾಲಿಗೆ ಸ್ಪ್ರೇ ಬದಲು ಜೆಲ್ ವಾಸಿ. ಸಂದಿಯಲ್ಲಿ ಚುಕ್ಕಿ ಇಟ್ಟರೆ ಗಾಳಿಗೆ ಬರುವುದಿಲ್ಲ. ಮಕ್ಕಳ, ಬೆಕ್ಕುನಾಯಿಯ ಬಾಯಿಗೆ ಸಿಗದ ಹಾಗೆ ಇಡಿ. ಬೀದಿಯಲ್ಲಿ ಫಾಗಿಂಗ್ ಗಾಡಿಯ ಸದ್ದು ಕೇಳಿದರೆ ಕಿಟಕಿ ಮುಚ್ಚಿ, ಪಂಪ್ ಆಫ್ ಮಾಡಿ, ಹೊಗೆ ಇಳಿದ ಮೇಲೆ ಹಾಕಿ. ನಿಮ್ಮ ಎಕ್ಸ್‌ಟೆನ್ಷನ್ ಬೋರ್ಡನ್ನೂ ಒಮ್ಮೆ ನೋಡಿ. ಅಕ್ವೇರಿಯಂ ಪಕ್ಕದ ಬೋರ್ಡಿನಲ್ಲಿ ಒಂದು ಸಾಕೆಟ್ ಖಾಲಿ ಇರುತ್ತದೆ ಅಂತ ಸೊಳ್ಳೆ ಲಿಕ್ವಿಡ್ಡನ್ನು ಅಲ್ಲೇ ಚುಚ್ಚಿರುತ್ತಾರೆ, ಪಂಪಿನಿಂದ ಒಂದು ಗೇಣು ದೂರದಲ್ಲಿ. ಇದನ್ನು ನಾನು ಬೇರೆ ಮೂರು ಮನೆಗಳಲ್ಲಿ ನೋಡಿ ಕಿತ್ತು ಹಾಕಿಸಿದ್ದೇನೆ.

ನಮ್ಮ ಹೊಸ ಪಂಪ್ ಈಗ ಬಾಲ್ಕನಿ ಬಾಗಿಲ ಮೇಲಿನ ಮೊಳೆಗೆ ನೇತಾಡುತ್ತಿದೆ. ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿದೆ, ಕರೆಂಟ್ ಹೋದಾಗ ನೀರು ಪೈಪಿನಲ್ಲಿ ವಾಪಸ್ ಬಂದು ಪಂಪ್ ಸೇರುವುದಿಲ್ಲ. ನಿಮ್ಮದು ಕೆಳಗೇ ಇರಬೇಕು ಅಂದರೆ ಪೈಪಿಗೆ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಅಲ್ಲಿಂದ ಸ್ಟ್ಯಾಂಡಿನವರೆಗೆ ಗೋಡೆಯುದ್ದಕ್ಕೂ ಪೈಪು ಬಂದಿದೆ. ಬಂದವರೆಲ್ಲ ಇದೇನು ಗ್ಲೂಕೋಸ್ ಏರಿಸುತ್ತಿದ್ದೀರಾ ಅಂತ ಕೇಳುತ್ತಾರೆ.